ಗ್ರಾಮಫೋನಿನ ದನಿ ಕದ್ದವರು

ನಮ್ಮ ಕಾಕಾ ಬಹಳ ಒಳ್ಳೆಯವರು. ಆದರೆ ತಮ್ಮ ನೆರಳನ್ನೂ ನಂಬುತ್ತಿರಲಿಲ್ಲ! ಬಿಸಿಲಲ್ಲಿ ನಡೆಯುವಾಗ ಎರಡೆರಡು ಸಲ ಹಿಂತಿರುಗಿ ನೋಡುತ್ತಿದ್ದರು, ‘ಇಂವ ಯಾಕ ನನ್ನ ಬೆನ್ನ ಹತ್ಯಾನ?’ ಎನ್ನುವ ಹಾಗೆ. ಹಾಲಿನವನ ಮೇಲೆ ಯಾರಿಗೆ ಅನುಮಾನವಿಲ್ಲ ಹೇಳಿ? ನಮ್ಮ ಕಾಕಾಗೆ ನೀರಿನವನ ಮೇಲೂ ಇತ್ತು. ‘ನೀರಿನಾಗ ಅಂವ ಏನ್ ಬೆರಸ್ತಾನ ಕಾಕಾ?’ ಎಂದರೆ, ‘ಅದೇ ತಿಳೀವಲ್ದು ನೋಡವ್ವಾ’ ಎಂದು ತಲೆ ಕೆರೆದುಕೊಳ್ಳುತ್ತಿದ್ದರು.

ಈ ಅನುಮಾನಗಳೆಲ್ಲ ಬಂದು ಠಿಕಾಣಿ ಹೂಡಿದ್ದು ಅವರ ಗ್ರಾಮಫೋನಿನ ಸುತ್ತ. ಬಸವಕಲ್ಯಾಣದಲ್ಲಿ ಹಳೆಯ ಜಹಗೀರದಾರರ ಮನೆಯೊಂದು ಖಾಲಿಯಾದಾಗ ತಂದದ್ದು. ಚಾವಿ ಕೊಟ್ಟು ತಿರುಗಿಸುವಂಥದು, ಹಿತ್ತಾಳೆ ತುತ್ತೂರಿಯದು. ಕಾಕಾ ಅದರೊಳಗಿನ ಸ್ಪ್ರಿಂಗಿಗೆ, ಅಂದರೆ ಕಮಾನಿಗೆ, ತಾವೇ ಗ್ರೀಸು ಹಚ್ಚುತ್ತಿದ್ದರು, ಹಾಡಿನ ತಟ್ಟೆಗಳನ್ನು ಮಲ್ಮಲ್ ಬಟ್ಟೆಯಿಂದ ಒರೆಸುತ್ತಿದ್ದರು, ಒಂದೊಂದು ಹಾಡಿಗೂ ಹೊಸ ಸೂಜಿ ಹಾಕುತ್ತಿದ್ದರು. ಸವೆದ ಸೂಜಿಯನ್ನು ಮಾತ್ರ ಎಸೆಯುತ್ತಿರಲಿಲ್ಲ. ಯಾರಾದರೂ ಹೆಕ್ಕಿಕೊಂಡು ಹೋದಾರಲ್ಲ!

ಒಮ್ಮೆ ಮುಚ್ಚಳದ ಮೇಲೆ ಬೆರಳಿನ ಗುರುತು ಕಂಡದ್ದೇ ತಡ, ಸುತ್ತಲಿನ ನೆಲಕ್ಕೆ ಜೋಳದ ಹಿಟ್ಟು ಚೆಲ್ಲಿದರು. ಮರುದಿನ ಹಿಟ್ಟಿನಲ್ಲಿ ಹೆಜ್ಜೆ ಮೂಡಿತ್ತು. ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ದಾರ ಹಿಡಿದು ಪಾದ ಅಳೆದರು. ಯಾರದೂ ಹೊಂದಲಿಲ್ಲ. ಅವರ ಹೆಂಡತಿ, ನಮ್ಮ ಕಾಕು, ‘ನಿಮ್ದೂ ಒಮ್ಮಿ ಅಳದ್ ನೋಡ್ರಿ’ ಎಂದರು. ಅಳೆದರು. ಪಕ್ಕಾ ಹೊಂದಿತು! ನಾಚಿಕೊಂಡರೇ? ಛೆ, ಎಲ್ಲಿಯ ಮಾತು!

‘ನನ್ನಷ್ಟೇ ಕಾಲಿನಾಂವ ಈ ಓಣ್ಯಾಗ ಯಾವನೋ ಇದ್ದಾನ’ ಎಂದು ಅಂದಿನಿಂದ ನೆರೆಹೊರೆಯವರ ಪಾದ ನೋಡತೊಡಗಿದರು.

ಎಪ್ಪತ್ತರ ದಶಕದಲ್ಲಿ ಆ ಗ್ರಾಮಫೋನಿನ ಕಮಾನು ಮುರಿಯಿತು. ನಾನು, ಅವರ ಅಣ್ಣನ ಮಗಳು, ಆಗ ಹುಮನಾಬಾದಿನಲ್ಲಿ ಟೀಚರು. ನಮ್ಮ ಬಜಾರದಲ್ಲಿ ಗಡಿಯಾರ ರಿಪೇರಿಯ ಒಬ್ಬ ಉಸ್ತಾದರಿದ್ದರು, ಇಂಥ ಯಂತ್ರಗಳನ್ನೂ ಬಲ್ಲವರು. ರಜೆಗೆ ಕಾಕಾನ ಮನೆಗೆ ಹೋಗಿದ್ದ ನಾನು ಬಾಯಿ ತಪ್ಪಿ ಅವರ ವಿಷಯ ಹೇಳಿಬಿಟ್ಟೆ. ತಗೋ, ತುತ್ತೂರಿ ಹೊರುವ ಕೆಲಸ ನನಗೇ ಬಂತು! ಅದೂ ಬೇರೆ ಬಸ್ಸಿನಲ್ಲಿ.

‘ಎರಡೂ ಒಂದೇ ಬಸ್ಸಿನಾಗ ಇದ್ರ ಕಳ್ಳಗ ಭಾಳ ಸಸಾರ ಆಗ್ತದ.’

ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕಾಕಾ ಮೊದಲ ಬಸ್ಸಿನಲ್ಲಿ ಹೋದರು. ಮಾಣಿಕನಗರಕ್ಕೆ ಹೊರಟಿದ್ದ ಮುದುಕಿಯೊಬ್ಬಳು ಆ ಗಂಟಿಗೆ ಕೈಮುಗಿದು, ‘ಒಳಗ ಯಾವ ದೇವರದರ್ರೀ?’ ಎಂದಳಂತೆ. ‘ಇನ್ನಾ ಬಾಯಿ ಬಿಟ್ಟಿಲ್ಲವ್ವಾ’ ಎಂದರಂತೆ ಇವರು. ಪಾಪ, ಮುದುಕಿ ಒಂದು ಹೂವು ಇಟ್ಟಳಂತೆ. ‘ಹೂವಿನ ನೆವ ಮಾಡಿ ಕೌದ್ಯಾಗ ಕೈ ಹಾಕಾಕಿ!’ ಎಂದು ಬಸ್ಸಿಳಿದ ಮೇಲೂ ಗೊಣಗುತ್ತಿದ್ದರು.

ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿದರೆ ಒಂದೊಂದು ಸ್ಕ್ರೂ ತಲೆಗೂ ಕುಂಕುಮ! ಬದಲಾದರೆ ಗೊತ್ತಾಗಲೆಂದು. ಉಸ್ತಾದರು ಕನ್ನಡಕ ಏರಿಸಿ ನೋಡಿದರು. ‘ಸಾಹೇಬ್ರ, ಇದು ರಿಪೇರಿಗಿ ಬಂದದೋ, ಲಗ್ನಕ್ಕ ಬಂದದೋ?’

ಕಾಕಾ ನಗಲಿಲ್ಲ. ಕಮಾನು ಕೂಡುವವರೆಗೂ ಅವರ ಕೈಯನ್ನೇ ನೋಡುತ್ತ ಕುಳಿತಿದ್ದರು.

ಒಂದೆರಡು ವರ್ಷ ಸುಮ್ಮನಿದ್ದರು. ಆಮೇಲೆ ಶುರುವಾಯಿತು ಹೊಸ ರಗಳೆ. ‘ದನಿ ಸಣ್ಣ ಆಗಾಕತ್ತದ. ದನಿ ಬರೋ ಅಭ್ರಕದ ಬಿಲ್ಲಿ ಇರ್ತದಲ್ಲ, ಅಸಲಿದು ತಗದು ಖೋಟಾ ಹಾಕ್ಯಾನ ನಿಮ್ಮ ಉಸ್ತಾದ!’ ನನ್ನ ಮನೆಗೆ ಬಂದಾಗಲೆಲ್ಲ ಇದೇ ಮಾತು. ಕೇಳಿ ಕೇಳಿ ನನಗೂ ಆ ಮನುಷ್ಯನ ಮೇಲೆ ಸಂಶಯ ಹುಟ್ಟಿತು. ದಿನಾ ನಮಸ್ಕಾರ ಮಾಡುತ್ತಿದ್ದವಳು ಅಂಗಡಿಯ ಮುಂದೆ ಮುಖ ತಿರುಗಿಸಿ ಹೋಗತೊಡಗಿದೆ!

ಕೊನೆಗೊಂದು ದಿನ ಪೆಟ್ಟಿಗೆ, ತುತ್ತೂರಿ ಎರಡನ್ನೂ ತಾವೇ ಹೊತ್ತು ಬಂದೇ ಬಿಟ್ಟರು, ನನ್ನನ್ನೂ ಅಂಗಡಿಗೆ ಎಳೆದುಕೊಂಡು ಹೋದರು. ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಅವರೆದುರಿಗೇ, ‘ನನ್ನ ಬಿಲ್ಲಿ ಕೊಡ್ತೀಯೋ, ಠಾಣೇಕ ಹೋಗ್ಲೋ?’ ಎಂದು ಕೂಗಿದರು.

ಉಸ್ತಾದರ ಮುಖ ಬಿಳಿಚಿತು. ‘ಹಂಗನಬ್ಯಾಡ್ರಿ. ನಂಬಿಕಿ ಮ್ಯಾಲೇ ಮಂದಿ ನನ್ನ ಹತ್ರ ಘಡಿ ಬಿಟ್ಟು ಹೋಗ್ತಾರ’ ಎಂದು ಚಾವಿ ಕೊಟ್ಟು ಸೂಜಿ ಇಳಿಸಿದರು.

ಅಬ್ಬಬ್ಬಾ, ಏನು ದನಿ! ಎದುರಿನ ಭಜಿಯವನು ಎಣ್ಣೆಯ ಝಾರಾ ಸೌಟು ಹಿಡಿದೇ ಹೊರಗೆ ಬಂದ. ನಾನು ಕಿವಿ ಮುಚ್ಚಿಕೊಂಡೆ. ಕಾಕಾ ತುತ್ತೂರಿಯೊಳಗೇ ತಲೆ ಇಟ್ಟು, ‘ಕೇಳಿದ್ರೇನು? ಹ್ಯಾಂಗ ಪಿಸುಗುಡಾಕತ್ತದ!’ ಎಂದರು.

ನನಗೆ ಆಗ ತಿಳಿಯಿತು. ಉಸ್ತಾದರಿಗೂ ತಿಳಿಯಿತು. ‘ನಿಮಗ ಕಿವಿ ಕೇಳಂಗಿಲ್ಲ’ ಎಂದು ಒಂದೇ ಮಾತು ಹೇಳಿದ್ದರೆ ಅವರು ಗೆಲ್ಲುತ್ತಿದ್ದರು. ಅವರು ಸೂಜಿ ಎತ್ತಿಟ್ಟು, ಕಾಕಾನ ಕಿವಿಯ ಹತ್ತಿರ ಬಗ್ಗಿ, ಗಟ್ಟಿಯಾಗಿ ಹೇಳಿದರು: ‘ಖರೇ ಅದ ಸಾಹೇಬ್ರ. ಬಿಲ್ಲಿ ನಾನೇ ಬದಲ್ ಮಾಡೀನಿ. ಮಾಫ್ ಮಾಡ್ರಿ.’

ಗಿರಾಕಿಯೊಬ್ಬ ಮೇಜಿನ ಮೇಲಿದ್ದ ತನ್ನ ವಾಚನ್ನು ಮೆಲ್ಲಗೆ ಎತ್ತಿ ಕಿಸೆಗೆ ಹಾಕಿಕೊಂಡ.

ಕಾಕಾ ಅವನನ್ನು ನೋಡಿದರು. ಉಸ್ತಾದರ ಮುಖ ನೋಡಿದರು. ಯಾರ ಮಾತನ್ನೂ ಒಂದೇ ಏಟಿಗೆ ನಂಬದವರು ಈ ಮಾತನ್ನು ನಂಬಿಯಾರೇ? ತಮ್ಮ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ‘ಇದು ಹಿಂದ ಬೀಳಾಕತ್ತದ, ನೋಡಿಡ್ರಿ. ಪೆಟ್ಟಿಗಿನೂ ಇಲ್ಲೇ ಇರ್ಲಿ.’ ಗಿರಾಕಿಗಳ ಕಡೆ ತಿರುಗಿ ಕೈಮುಗಿದರು. ‘ಇವರು ಕಳ್ಳರಲ್ರೀ. ತಪ್ಪು ಮಾತಾಡಿದಾಂವ ನಾ.’

ಅಷ್ಟು ಹೇಳಿ ಹೊರಟೇ ಬಿಟ್ಟರು, ನಾನು ಅವರ ಹಿಂದೆ ಓಡಿದೆ. ಬಸ್ ಸ್ಟ್ಯಾಂಡಿನಲ್ಲಿ ಅವರ ಕಿವಿಗೆ ಬಾಯಿಟ್ಟು, ‘ಹ್ಯಾಂಗ ತಿಳೀತು ಕಾಕಾ?’ ಎಂದು ಕೂಗಿದೆ.

‘ಖರೇ ಕಳ್ಳ ಹಂಗ ಒಪ್ಪಂಗಿಲ್ಲವ್ವಾ’ ಎಂದರು. ಆಮೇಲೆ, ‘ಕಾಕುಗ ನನ್ನ ಕಿವಿ ಸುದ್ದಿ ಹೇಳಬ್ಯಾಡ’ ಎಂದರು.

‘ಯಾಕ?’ ಎಂದು ಮತ್ತೆ ಕೂಗಿದೆ.

‘ಲಗ್ನ ಆದಾಗಿಂದ ಆಕಿ ಒಮ್ಮಿನೂ ದನಿ ಏರಿಸಿ ಮಾತಾಡಿಲ್ಲ. ಈ ವಯಸ್ಸಿನಾಗ ನನ್ನ ಸಲುವಾಗಿ ಒದರೂದು ಬ್ಯಾಡ.’

ನನಗೆ ಅಳು ಬಂತು. ‘ಹೂಂ ಕಾಕಾ’ ಎಂದದ್ದು ಅವರಿಗೆ ಕೇಳಿಸಲಿಲ್ಲ. ಕೈ ಹಿಡಿದುಕೊಂಡು ತಲೆಯಾಡಿಸಿದೆ.