ಅಕ್ಕನ ಪಂಡಿತರು ಔಟಾದ ಬೆಳಗ್ಗೆ

ನನ್ನ ಅಕ್ಕನಿಗೆ ಒಬ್ಬರು ಇಂಗ್ಲೆಂಡಿನವರ ಮೇಲೆ ಮನಸ್ಸಾಗಿದೆ! ಗಾಬರಿಯಾಗಬೇಡಿ, ಭಾವನಿಗೂ ಗೊತ್ತು. ಅವರು ಪಂಡಿತರು, ಪ್ರಬಂಧಕಾರರು, ತೀರಿಕೊಂಡು ನೂರು ವರ್ಷದ ಹತ್ತಿರವಾಯಿತು. ಅಕ್ಕ ಹಗಲೆಲ್ಲ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಇಲಿಗಳ ರಕ್ತ ಪರೀಕ್ಷಿಸುತ್ತಾಳೆ. ಮಿಕ್ಕ ಹೊತ್ತಿನಲ್ಲಿ ಪಂಡಿತರ ಜೀವನಚರಿತ್ರೆ ಬರೆಯುತ್ತಾಳೆ.

ಅವರ ಹುಟ್ಟುಹಬ್ಬಕ್ಕೆ ಸನ್ನಿವೇಲಿನ ದೇವಸ್ಥಾನದಲ್ಲಿ ಅರ್ಚನೆ ಬೇರೆ!

"ತೀರಿಹೋದವರ ಹೆಸರಲ್ಲಿ ಅರ್ಚನೆ ಮಾಡಲ್ಲಮ್ಮ," ಎಂದರು ಭಟ್ಟರು.

"ತೀರಿಹೋದ್ರು ಅಂತ ಯಾರು ಹೇಳಿದ್ದು? ಔಟ್ ಆಫ್ ಪ್ರಿಂಟ್ ಆಗಿದ್ದಾರೆ, ಅಷ್ಟೆ!"

ನಾನೋ, ಹತ್ತನೇ ಕ್ಲಾಸಿಗೇ ಪುಸ್ತಕಗಳಿಗೆ ಕೈಮುಗಿದವನು. ಗಿಲ್‌ರಾಯ್‌ನಲ್ಲಿ ಮನೆ, ಗಂಟೆ ಹಾದಿಯಾಚೆಯ ಸನ್ನಿವೇಲಿನ ಗ್ರೋಸರಿ ಅಂಗಡಿಗೆ ವ್ಯಾನು ಓಡಿಸುವ ಕೆಲಸ. ನಸುಕಿನಲ್ಲಿ ಫ್ರೀವೇ ಹತ್ತಿದೆನೋ ಇಲ್ಲವೋ, ಅಕ್ಕನ ಫೋನು. ಬರೆದದ್ದನ್ನು ಅವಳು ಓದಬೇಕು, ನಾನು ಹೂಂಗುಟ್ಟಬೇಕು. ನನ್ನ ಪಾಪ ಇಲ್ಲಿದೆ ನೋಡಿ: ಒಂದು ಕಿವಿ ಅಕ್ಕನಿಗೆ, ಇನ್ನೊಂದು ಕ್ರಿಕೆಟ್ ಕಾಮೆಂಟರಿಗೆ! ಪಂಡಿತರು ಓದುತ್ತಾ ನಡೆದು ಕೊಳಕ್ಕೆ ಬಿದ್ದಾಗಲೂ ಹೂಂ, ಎದ್ದು ಬಂದಾಗಲೂ ಹೂಂ.

ಕೊನೆಯ ಅಧ್ಯಾಯ ಮಾತ್ರ ಅಕ್ಕನ ಕೈಗೆ ಹತ್ತುತ್ತಿರಲಿಲ್ಲ. "ಇದೂ ಸರಿಹೋಗ್ಲಿಲ್ಲ ಅಂದ್ರೆ ಇಷ್ಟು ವರ್ಷ ಬರೆದಿದ್ದೆಲ್ಲ ರೀಸೈಕ್ಲಿಂಗ್ ಡಬ್ಬಕ್ಕೆ ಕಣೋ," ಎಂದು ಒಂದು ಬೆಳಗ್ಗೆ ಓದತೊಡಗಿದಳು. ಓದುತ್ತಾ ಓದುತ್ತಾ ದನಿ ನಡುಗಿತು. "ಹೋಗ್ಬಿಟ್ರು ಕಣೋ..."

ಅದೇ ಹೊತ್ತಿಗೆ ಇನ್ನೊಂದು ಕಿವಿಯಲ್ಲಿ ವಿಕೆಟ್ಟು ಬಿತ್ತು!

"ಸದ್ಯ, ಹೋದ್ನಾ! ಮುಂದೆ ಯಾರು ಬರ್ತಾರೆ?" ಎಂದು ಕಿರುಚಿಬಿಟ್ಟೆ.

ಫೋನು ಕಟ್ಟಾಯಿತು.

ಮರುದಿನ ಬೆಳಗ್ಗೆ ಫೋನೇ ಇಲ್ಲ. ಫ್ರೀವೇ ಅಷ್ಟು ಉದ್ದವಿದೆಯೆಂದು ನನಗೆ ಗೊತ್ತೇ ಇರಲಿಲ್ಲ! ಸಂಜೆ ಅವಳ ಅಪಾರ್ಟ್‌ಮೆಂಟಿಗೆ ಹೋದವನು, ಬಾಗಿಲು ತಟ್ಟುವ ಮೊದಲು ರೀಸೈಕ್ಲಿಂಗ್ ಡಬ್ಬಕ್ಕೆ ಇಣುಕಿದೆ. ಬರೀ ಪಿಜ್ಜಾ ಪೆಟ್ಟಿಗೆಗಳು. ಸದ್ಯ! ಬಾಗಿಲು ತಟ್ಟಿದೆ.

"ಬಾರೋ! ಎಂಥ ಪ್ರಶ್ನೆ ಕೇಳ್ದೆಯೋ!" ಅಕ್ಕನ ಮುಖವೆಲ್ಲ ನಗು. "ಅವರು ಹೋದ್ಮೇಲೆ ಆ ಮನೆಗೆ ಯಾರು ಬಂದ್ರು ಅಂತ ನಾನು ಯೋಚ್ನೇನೇ ಮಾಡಿರ್ಲಿಲ್ಲ. ಅವರ ತಮ್ಮ ಬಂದ. ಅವನಿಗೆ ಓದು ಅಷ್ಟಕ್ಕಷ್ಟೆ. ಆದ್ರೂ ಅಣ್ಣನ ಒಂದು ಹಾಳೇನೂ ಎಸೀಲಿಲ್ಲ. ಅಲ್ಲಿಗೇ ಪುಸ್ತಕ ಮುಗಿಸ್ದೆ. ನಿನ್ನೆ ರಾತ್ರಿಯೆಲ್ಲ ಬರೆದು, ಬೆಳಗಾಗೋ ಹೊತ್ತಿಗೆ ಕೂತಲ್ಲೇ ನಿದ್ದೆ ಹೋಗ್ಬಿಟ್ಟಿದ್ದೆ."

ಸುಮ್ಮನಿದ್ದಿದ್ದರೆ ಹೊಗಳಿಕೆ ನನ್ನದೇ. ಆಗಲಿಲ್ಲ.

"ಅಕ್ಕ, ನಾನು ಕೇಳಿದ್ದು ಬ್ಯಾಟ್ಸ್‌ಮನ್ ಬಗ್ಗೆ."

"ಗೊತ್ತು ಕಣೋ. ಸಿಕ್ಸರ್ ಹೊಡೆದಾಗೆಲ್ಲ ನಿನ್ನ ಹೂಂ ಮೇಲಕ್ಕೆ ಹೋಗತ್ತೆ."

"ಮತ್ತೆ ಯಾಕೆ ಓದ್ತಿದ್ದೆ?"

ಅಕ್ಕ ಹಾಳೆಗಳನ್ನು ಜೋಡಿಸುತ್ತಾ, ನನ್ನ ಕಡೆ ನೋಡದೆ ಹೇಳಿದಳು: "ಅಷ್ಟು ಹೊತ್ತಿಗೇ ಎದ್ದು ಒಬ್ಬನೇ ಅಷ್ಟು ದೂರ ಓಡಿಸ್ಕೊಂಡು ಬರ್ತೀಯಲ್ಲೋ. ನಿದ್ದೆ ಬಂದ್ಬಿಟ್ರೆ?"