ಸಿಂಕಿನ ನೀರು ಯಾವ ಕಡೆ ಸುತ್ತುತ್ತದೆ?

ಶನಿವಾರ ಬೆಳಿಗ್ಗೆ ಎಂಟೂವರೆಗೆ, ಟೋಸ್ಟಿನ ಮೇಲೆ ಜಾಮ್ ಸವರುತ್ತಾ, ಕ್ಲ್ಯಾರಿ ಹಾಸ್ಕಿನ್ ಒಂದು ಘನವಾದ ತೀರ್ಮಾನಕ್ಕೆ ಬಂದ. ಇಂದು ಸಂಜೆಯೊಳಗೆ ತನ್ನ ಹೆಂಡತಿ ವೆರ್ನಾ ಹೇಳಿದ್ದು ತಪ್ಪು ಎಂದು ಸಾಬೀತು ಮಾಡಿಯೇ ತೀರಬೇಕು. ಬಾಯಿಮಾತಿನಲ್ಲಲ್ಲ, ನೋಟ್‌ಬುಕ್ಕು ಪೆನ್ಸಿಲ್ಲು ಹಿಡಿದು, ನಾಳೆ ಜಗತ್ತಿನ ಯಾವ ಪಂಡಿತ ಬಂದು ಕೇಳಿದರೂ ತೆಗೆದು ತೋರಿಸುವ ಹಾಗೆ.

ಕ್ಲ್ಯಾರಿಯ ಬಗ್ಗೆ ಎರಡು ಮಾತು ಹೇಳಬೇಕು. ಆಸ್ಟ್ರೇಲಿಯದ ನಮ್ಮ ಗಲರೀನ್ ಊರಿನ ಅಂಚೆ ಕಚೇರಿಯಲ್ಲಿ ಅವನು ಮೂವತ್ತೊಂದು ವರ್ಷ ಕೂತಿದ್ದ. ಊರಿಗೆ ಬರುವ ಪತ್ರಿಕೆಗಳನ್ನೆಲ್ಲ ವಿಳಾಸದಾರರಿಗಿಂತ ಮೊದಲು ಅವನೇ ಓದುತ್ತಿದ್ದ. ಹಾಗಾಗಿ ಆಕ್ಟೋಪಸ್ಸಿಗೆ ಮೂರು ಹೃದಯಗಳೆಂಬುದು ಅವನಿಗೆ ಗೊತ್ತು. ಶುಕ್ರಗ್ರಹ ತನ್ನ ಸುತ್ತ ಒಮ್ಮೆ ತಿರುಗುವುದಕ್ಕೆ ಅಲ್ಲಿನ ಒಂದು ವರ್ಷಕ್ಕಿಂತ ಹೆಚ್ಚು ಹೊತ್ತು ಬೇಕೆಂಬುದೂ ಗೊತ್ತು. ಊಟದ ಮೇಜಿನಲ್ಲಿ ಉಪ್ಪು ಕೇಳಿದರೆ ಮೊದಲು ಉಪ್ಪಿನ ಇತಿಹಾಸ ಬರುತ್ತಿತ್ತು, ಆಮೇಲೆ ಉಪ್ಪು. ಇಂಥವನು ನಿವೃತ್ತನಾದ ಮೇಲೆ ಸುಮ್ಮನಿರುವುದುಂಟೆ? ಅಗ್ನಿಶಾಮಕ ದಳದ ಸಹಾಯಾರ್ಥ ಪ್ರತಿ ತಿಂಗಳು ಊರ ಸಭಾಂಗಣದಲ್ಲಿ ನಡೆಯುವ ಶುಕ್ರವಾರದ ಕ್ವಿಜ್‌ಗೆ ಹದಿನಾಲ್ಕು ವರ್ಷದಿಂದ ಅವನೇ ಕ್ವಿಜ್ ಮಾಸ್ಟರ್.

ಹಿಂದಿನ ಸಂಜೆ ಅನಾಹುತಕ್ಕೆ ಅಡಿಪಾಯ ಬಿದ್ದದ್ದು ಅಲ್ಲೇ. ಹದಿನೇಳನೆಯ ಪ್ರಶ್ನೆ: "ಭೂಮಿಯ ದಕ್ಷಿಣಾರ್ಧದಲ್ಲಿ, ಅಂದ್ರೆ ನಮ್ಮ ಕಡೆ, ಸಿಂಕಿನ ನೀರು ಯಾವ ದಿಕ್ಕಿಗೆ ಸುತ್ತಿಕೊಂಡು ಇಳಿಯುತ್ತೆ?" ಕ್ಲ್ಯಾರಿಯ ಚೀಟಿಯಲ್ಲಿದ್ದ ಉತ್ತರ: ಗಡಿಯಾರದ ಮುಳ್ಳಿನ ದಿಕ್ಕಿಗೆ, ಅಂದರೆ ಬಲಕ್ಕೆ. ಹನ್ನೆರಡು ಮೇಜುಗಳಲ್ಲಿ ಹನ್ನೊಂದು ಮೇಜಿನವರು ಅದನ್ನೇ ಬರೆದಿದ್ದರು. ವೆರ್ನಾಳ ಮೇಜಿನ ಹಾಳೆಯಲ್ಲಿ ಮಾತ್ರ "ಅದರ ಇಷ್ಟ" ಎಂದಿತ್ತು. ಕ್ಲ್ಯಾರಿ ಅದನ್ನು ಮೈಕಿನಲ್ಲಿ ಓದಿ, ಸಭೆಯನ್ನು ಚೆನ್ನಾಗಿ ನಗಿಸಿ, ತಪ್ಪು ಎಂದು ಗೀಟು ಹಾಕಿದ.

ವೆರ್ನಾ ಎದ್ದು ನಿಂತಳು. "ನಲವತ್ತೆರಡು ವರ್ಷದಿಂದ ಆ ಸಿಂಕಲ್ಲಿ ಪಾತ್ರೆ ತೊಳೀತಿದೀನಿ ಕ್ಲ್ಯಾರಿ. ಒಂದಿನ ಹಿಂಗೆ ಹೋಗುತ್ತೆ, ಒಂದಿನ ಹಂಗೆ ಹೋಗುತ್ತೆ."

"ಕ್ವಿಜ್ ಮಾಸ್ಟರ್ ತೀರ್ಪೇ ಕೊನೇ ತೀರ್ಪು," ಎಂದು ಕ್ಲ್ಯಾರಿ ಮೈಕಿನಲ್ಲೇ ಉತ್ತರಿಸಿದ.

ಅವಳ ಮೇಜು ಒಂದೇ ಒಂದು ಅಂಕದಿಂದ ಸೋತಿತು. ಬಹುಮಾನದ ಮಾಂಸದ ತಟ್ಟೆ, ಅಷ್ಟೂ ಚಾಪ್ಸು ಸಾಸೇಜುಗಳ ಸಮೇತ, ಪಕ್ಕದ ಮೇಜಿಗೆ ಹೋಯಿತು. ಮನೆಗೆ ಹದಿನೆಂಟು ಕಿಲೋಮೀಟರು. ದಾರಿಯಲ್ಲಿ ವಾತಾವರಣ ತಿಳಿಯಾಗಲಿ ಎಂದು ಕ್ಲ್ಯಾರಿ, ಅಗಲದಲ್ಲಿ ಚಂದ್ರನಿಗಿಂತ ಆಸ್ಟ್ರೇಲಿಯವೇ ದೊಡ್ಡದು ಎಂಬ ವಿಷಯವನ್ನು ಎತ್ತಿದ. ಅವಳು ಕಿಟಕಿಯಿಂದಾಚೆ ನೋಡುತ್ತಾ ಕುಳಿತಿದ್ದಳು.

ಶನಿವಾರ ವೆರ್ನಾಗೆ ಊರಿನ ಕೃಷಿ ಪ್ರದರ್ಶನದ ಸಮಿತಿ ಸಭೆ. ಹೊರಡುವಾಗ ಅವಳು ಹೇಳಿದ್ದು ಎರಡೇ ಮಾತು. "ಟ್ಯಾಂಕಲ್ಲಿ ಎರಡು ಪಟ್ಟಿ ನೀರಿದೆ, ಅಷ್ಟೇ. ಡೇಲಿಯಾಗೆ ಸಂಜೆ ಬಂದು ನಾನೇ ಹಾಕ್ತೀನಿ."

ನಮ್ಮ ಕಡೆ ಮನೆಗಳಿಗೆ ಸರ್ಕಾರದ ನೀರಿನ ಸಂಪರ್ಕ ಇಲ್ಲ. ಮಾಡಿನ ಮೇಲೆ ಬಿದ್ದ ಮಳೆ ತಗಡಿನ ಟ್ಯಾಂಕಿಗೆ ಇಳಿಯುತ್ತದೆ, ಅಲ್ಲಿಂದ ಪಂಪಿನಲ್ಲಿ ಮನೆಯ ನಲ್ಲಿಗಳಿಗೆ ಬರುತ್ತದೆ, ಅದನ್ನೇ ವರ್ಷವಿಡೀ ಕುಡಿಯಬೇಕು, ಮೀಯಬೇಕು. ತಗಡಿನ ಅಲೆಅಲೆ ಪಟ್ಟಿಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಬಂದರೆ ಟೊಳ್ಳು ಸದ್ದು ನಿಲ್ಲುವ ಕಡೆಯಿಂದ ಕೆಳಕ್ಕೆ ನೀರು ಇದೆ ಎಂದು ಲೆಕ್ಕ. ನವೆಂಬರಿನಿಂದ ಮಳೆಯಿಲ್ಲ, ಈಗ ಫೆಬ್ರವರಿಯ ಕೊನೆ. ವೆರ್ನಾ ಎರಡು ತಿಂಗಳಿಂದ ಟಬ್ಬಿನೊಳಗೆ ನಿಂತು ಮೂರೇ ನಿಮಿಷ ಸ್ನಾನ ಮಾಡಿ, ಟಬ್ಬಿನಲ್ಲಿ ನಿಂತ ನೀರನ್ನು ಡೇಲಿಯಾ ಗಿಡಗಳಿಗೆ ಹೊತ್ತು ಹಾಕುತ್ತಿದ್ದಳು. ಪ್ರದರ್ಶನದಲ್ಲಿ ಏಳು ವರ್ಷ ಸತತವಾಗಿ ಅವಳಿಗೆ ಎರಡನೆಯ ಸ್ಥಾನ. ಈ ಸಲ ಊಟದ ತಟ್ಟೆಯಷ್ಟು ಅಗಲವಾಗುವ ಒಂದು ಕಡುಗೆಂಪು ಹೂವು ಅರಳಲು ಶುರುವಾಗಿತ್ತು. ಪ್ರದರ್ಶನ ಮುಂದಿನ ಶನಿವಾರ. ಆ ಎರಡು ಪಟ್ಟಿ ನೀರು ಅಲ್ಲಿಯವರೆಗೆ ಬರಬೇಕಿತ್ತು.

ಕಾರಿನ ಧೂಳು ಅಡಗುವ ಮೊದಲೇ ಕ್ಲ್ಯಾರಿ ಅಡುಗೆಮನೆಯ ಸಿಂಕಿಗೆ ಬಿರಡೆ ಹಾಕಿ ನೀರು ತುಂಬಿಸಿದ. ಒಂದು ಸಿಂಕು ನೀರಿಗೆ ಏನು ಮಹಾ? ಬಿರಡೆ ಕಿತ್ತ. ನೀರು ಸುಳಿಯಾಗಿ, ಗಂಭೀರವಾಗಿ, ಎಡಕ್ಕೆ ಸುತ್ತಿತು.

ನಲ್ಲಿ ಸ್ವಲ್ಪ ಓರೆಯಾಗಿದೆ, ಅದರ ಪ್ರಭಾವ ಇರಬೇಕು ಎಂದುಕೊಂಡ. ಎರಡನೆಯ ಸಲ ಬಲಕ್ಕೆ ಸುತ್ತಿತು. ಬುದ್ಧಿಯಿದ್ದವನು ಅಲ್ಲಿಗೆ ನೋಟ್‌ಬುಕ್ಕು ಮುಚ್ಚುತ್ತಿದ್ದ. ಆದರೆ ಕ್ಲ್ಯಾರಿಗೆ ಬುದ್ಧಿಗಿಂತ ಪ್ರಾಮಾಣಿಕತೆ ಒಂದು ಕೈ ಮೇಲು. ಒಂದು ಎಡ, ಒಂದು ಬಲ, ಪಂದ್ಯ ಸಮವಾಗಿದೆ, ನಿರ್ಣಯ ಆಗಲೇಬೇಕು. ಮೂರನೆಯದು ಎಡ. ನಾಲ್ಕನೆಯದೂ ಎಡ. ಅವನು ಸಿಂಕಿನ ಮೇಲೆ ನಂಬಿಕೆ ಕಳೆದುಕೊಂಡು ಬಚ್ಚಲಿನ ಬೇಸಿನ್ನಿಗೆ ಹೋದ. ಅಲ್ಲಿಯೂ ನೀರು ಮನಸ್ಸಿಗೆ ಬಂದ ಕಡೆ ಹೋಗತೊಡಗಿದಾಗ, ಪಾತ್ರೆ ದೊಡ್ಡದಾದಷ್ಟೂ ಫಲಿತಾಂಶ ನಿಖರ ಎಂದು ಎಲ್ಲೋ ಓದಿದ್ದು ನೆನಪಾಗಿ, ಒಂಬತ್ತು ವರ್ಷದಿಂದ ಒಮ್ಮೆಯೂ ಪೂರ್ತಿ ತುಂಬದ ಸ್ನಾನದ ಟಬ್ಬಿಗೆ ಅಂಚಿನವರೆಗೆ ನೀರು ಬಿಟ್ಟ. ಅಲೆಗಳು ಅಡಗಲೆಂದು ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು ಕಾದ. ಬಿರಡೆ ಕಿತ್ತರೆ ಆ ಟಬ್ಬಿನ ನೀರು ಎಡವೂ ಇಲ್ಲ, ಬಲವೂ ಇಲ್ಲ, ನೆಟ್ಟಗೆ ಕೆಳಗಿಳಿದು ಕೊನೆಗೊಂದು ತೇಗು ತೇಗಿತು.

ಆಗ ಅವನು ಓಲ್ವಿನ್ ಪ್ಯಾಸ್ಕೋಗೆ ಫೋನ್ ಮಾಡಿದ. ಓಲ್ವಿನ್ ಪಕ್ಕದ ಹೊಲದವಳು, ಮಾಂಸದ ತಟ್ಟೆ ಗೆದ್ದ ಮೇಜಿನ ನಾಯಕಿ.

"ಓಲ್ವಿನ್, ನಿನ್ನ ಸಿಂಕು ತುಂಬಿಸಿ ಒಂದ್ಸಲ ಬಿರಡೆ ಕೀಳು ನೋಡೋಣ."

"ಯಾಕೋ, ತಲೆ ಕೆಟ್ಟಿದ್ಯಾ?"

"ವೆರ್ನಾ ಹೇಳಿದ್ದೇ ಸರಿ ಅಂತಾದ್ರೆ ನಿಮ್ಮ ಬಹುಮಾನ ಏನಾಗುತ್ತೆ ಯೋಚನೆ ಮಾಡು."

ಓಲ್ವಿನ್ ಯೋಚನೆ ಮಾಡಿದಳು. ಎರಡು ನಿಮಿಷದಲ್ಲಿ ಮತ್ತೆ ಫೋನ್ ಎತ್ತಿಕೊಂಡಳು. "ಎಡಕ್ಕೆ ಹೋಯ್ತಲ್ಲೋ. ಇರು, ಇನ್ನೊಂದ್ಸಲ ಮಾಡ್ತೀನಿ. ನಮ್ಮಕ್ಕನ ಮನೇಲೂ ಮಾಡೋಕ್ ಹೇಳ್ತೀನಿ."

ಅಕ್ಕ ತನ್ನ ನಾದಿನಿಗೆ ಹೇಳಿದಳು. ನಾದಿನಿ ಅಗ್ನಿಶಾಮಕ ದಳದವರಿಗೆ ಹೇಳಿದಳು. ಬಲಕ್ಕೆ ಎಂದು ಬರೆದ ಹನ್ನೊಂದು ಮೇಜುಗಳ ಮಾನದ ಪ್ರಶ್ನೆಯಾಗಿತ್ತು. ಮಳೆಯಿಲ್ಲದ ಮೂರು ತಿಂಗಳ ಮೇಲೆ, ಸುತ್ತಲಿನ ಅಷ್ಟೂ ಮನೆಗಳಲ್ಲಿ ಜನ ಸಿಂಕಿನ ಮೇಲೆ ಬಗ್ಗಿ ನಿಂತು, ಬಲಕ್ಕೆ ಹೋಗು ಬಲಕ್ಕೆ ಹೋಗು ಎಂದು ನೀರನ್ನು ಅಂಗಲಾಚುತ್ತಿದ್ದರು.

ಮೂವತ್ತೆಂಟನೆಯ ಪ್ರಯೋಗ ಮುಗಿಸಿ ಮೂವತ್ತೊಂಬತ್ತಕ್ಕೆ ಕೈಹಾಕಿದಾಗ ಹೊರಗೆ ಪಂಪು ಕೆಮ್ಮಿತು. ನಲ್ಲಿ ಒಮ್ಮೆ ಉಸಿರು ಬಿಟ್ಟು ಸುಮ್ಮನಾಯಿತು. ಕ್ಲ್ಯಾರಿ ಅಂಗಳಕ್ಕೆ ಓಡಿ ಟ್ಯಾಂಕನ್ನು ತಟ್ಟಿದ. ಮೇಲಿನ ಪಟ್ಟಿ ಡಣ್ ಎಂದಿತು, ನಡುವಿನದು ಡಣ್ ಎಂದಿತು, ಮಂಡಿಯೂರಿ ತಟ್ಟಿದರೆ ತಳವೂ ಡಣ್ ಎಂದಿತು.

ನೀರಿನ ಲಾರಿಯ ಡಡ್ಲಿಗೆ ಫೋನ್ ಮಾಡಿದ.

"ಏನಾಗಿದೆ ನಿಮ್ಮೂರೋರಿಗೆ?" ಎಂದ ಡಡ್ಲಿ. "ಮಧ್ಯಾಹ್ನದಿಂದ ಹದಿನಾಲ್ಕು ಜನ ಕೇಳಿದಾರೆ. ಮುಂದಿನ ಭಾನುವಾರದವರೆಗೆ ನನ್ ಕೈಲಿ ಆಗಲ್ಲ."

ಪ್ರದರ್ಶನ ಶನಿವಾರ. ಕ್ಲ್ಯಾರಿ ಫೋನ್ ಇಟ್ಟು ನೋಟ್‌ಬುಕ್ಕಿನ ಮೇಲೆ ಕಣ್ಣಾಡಿಸಿದ. ಎಡಕ್ಕೆ ಹತ್ತೊಂಬತ್ತು, ಬಲಕ್ಕೆ ಹದಿನೇಳು, ನೆಟ್ಟಗೆ ಎರಡು. ಎಷ್ಟು ಸಲ ಕೂಡಿದರೂ ಇದನ್ನು ಕನ್ನಡಿಯಷ್ಟು ಸ್ಪಷ್ಟವಾಗಿ ಹೇಳುವ ಮಾತು ಒಂದೇ ಇತ್ತು, ಅದನ್ನು ವೆರ್ನಾ ನಿನ್ನೆಯೇ ಬರೆದುಕೊಟ್ಟಿದ್ದಳು.

ವೆರ್ನಾ ಬಂದವಳೇ ಟೋಪಿ ಕೂಡ ತೆಗೆಯದೆ ಬಕೆಟ್ಟು ಹಿಡಿದು ತೋಟದ ನಲ್ಲಿ ತಿರುಗಿಸಿದಳು. ಏನೂ ಬರಲಿಲ್ಲ. ಟ್ಯಾಂಕು ಎಲ್ಲೋ ಸೋರಿರಬೇಕು ಎನ್ನುವ ಸುಳ್ಳು ಕ್ಲ್ಯಾರಿಯ ಗಂಟಲವರೆಗೆ ಬಂದಿತ್ತು. ಅವಳ ಮುಖ ನೋಡಿ ಅದನ್ನು ನುಂಗಿ, ನಡೆದದ್ದನ್ನು ನಡೆದ ಹಾಗೆ ಹೇಳಿದ.

"ಮೂವತ್ತೆಂಟು ಸಲ?"

"ಹೂಂ."

"ಕೊನೆಗೇನು ಗೊತ್ತಾಯ್ತು?"

"ಅದರ ಇಷ್ಟ ಅಂತ."

ಅವಳು ನಗುತ್ತಾಳೆ ಎಂದು ಅವನು ಆಸೆಪಟ್ಟಿದ್ದ. ಅವಳು ಒಳಗೆ ಹೋಗಿ ಸಿಂಕಿನ ಮುಂದೆ ನಿಂತಳು. ಪಕ್ಕದಲ್ಲಿ ಬೆಳಗಿನ ತಟ್ಟೆಗಳು, ಅಂಚಿಗೆ ಮೊಟ್ಟೆ ಅಂಟಿ ಒಣಗಿಹೋಗಿದ್ದವು.

"ಇಷ್ಟೊಂದು ನೀರು ಇದರೊಳಗೆ ಹೋಗಿದೆ. ಎರಡು ತಟ್ಟೆ ತೊಳೆಯೋಣ ಅಂತ ಅನ್ನಿಸಲಿಲ್ವಾ ಕ್ಲ್ಯಾರಿ?"

"ಸೋಪು ಬಿದ್ರೆ ಫಲಿತಾಂಶ ಕೆಡುತ್ತಲ್ಲಾ ಅಂತ..." ಎಂದು ಕ್ಲ್ಯಾರಿ ಶುರುಮಾಡಿದ.

"ನಾನೇನು ಓದಿ ಹೇಳಿದ್ನಾ ನಿನ್ನೆ? ಕಂಡಿದ್ದನ್ನ ಹೇಳ್ದೆ. ಎದ್ದು ನಿಂತು ಹೇಳ್ದೆ. ನೀನು ಮೈಕಲ್ಲಿ ಓದಿ ಎಲ್ರನ್ನೂ ನಗಿಸ್ದೆ." ಅವಳ ದನಿ ಏರಲೇ ಇಲ್ಲ. "ಮಾಂಸದ ತಟ್ಟೆ ಹಾಳಾಗ್ಹೋಗ್ಲಿ. ನಾನು ಸುಳ್ಳು ಹೇಳಲ್ಲ ಅಂತ ನಿನಗೆ ಗೊತ್ತಿರ್ಬೇಕಿತ್ತು."

ಕ್ಲ್ಯಾರಿಗೆ ನಾಚಿಕೆಯಾಯಿತು. ನಲವತ್ತೆರಡು ವರ್ಷ ಅವನು ಆ ಸಿಂಕಿನ ಹಿಂದೆ ಮೇಜಿನಲ್ಲಿ ಕೂತು, ಅವಳ ಬೆನ್ನಿಗೆ ಜಗತ್ತಿನ ಸೋಜಿಗಗಳನ್ನು ಓದಿ ಹೇಳಿದ್ದ. ಅವಳು ಹೂಂಗುಡುತ್ತಾ ಪಾತ್ರೆ ತೊಳೆದು, ಬಿರಡೆ ಕಿತ್ತು, ನೀರು ಹೋಗುವುದನ್ನು ದಿನವೂ ನೋಡುತ್ತಿದ್ದಳು. ನೀನು ಏನು ನೋಡಿದೆ ಎಂದು ಅವನು ಒಂದು ದಿನವೂ ಕೇಳಿರಲಿಲ್ಲ. ಕೆಟಲ್ಲಿನಲ್ಲಿ ಅರ್ಧದಷ್ಟು ನೀರು ಉಳಿದಿತ್ತು. ಅಂದಿನ ಟೀ ಬಿಟ್ಟು, ಇಬ್ಬರೂ ಅದನ್ನು ಆ ಕೆಂಪು ಡೇಲಿಯಾದ ಬುಡಕ್ಕೆ ಹನಿಹನಿಯಾಗಿ ಸುರಿದರು.

ಭಾನುವಾರ ಬೆಳಿಗ್ಗೆ ಕ್ಯಾನುಗಳನ್ನು ಗಾಡಿಗೆ ಹಾಕಿಕೊಂಡು ಗಲರೀನಿಗೆ ಹೋದರು. ಅಲ್ಲಿ ಬಾವಿಯಿಂದ ನೀರು ಬರುವ ಊರ ಸಾರ್ವಜನಿಕ ನಲ್ಲಿಯೊಂದಿದೆ. ಬರಗಾಲದಲ್ಲೂ ಅಲ್ಲಿ ನಾಲ್ಕು ಗಾಡಿ ಕಂಡದ್ದಿಲ್ಲ. ಆ ದಿನ ಸಾಲು ಚರ್ಚಿನ ಗೇಟಿನವರೆಗೆ ಬೆಳೆದಿತ್ತು. ಹನ್ನೊಂದು ಮೇಜುಗಳೂ ಡ್ರಮ್ಮು, ಕ್ಯಾನು, ಮಗುವಿನ ಸ್ನಾನದ ಟಬ್ಬು ಹಿಡಿದು ನಿಂತಿದ್ದವು. ಕ್ಲ್ಯಾರಿ ಗಾಡಿಯಿಂದಿಳಿದ.

"ಬಂದ್ರಪ್ಪಾ ವಿಜ್ಞಾನಿಗಳು," ಎಂದಳು ಓಲ್ವಿನ್. "ಹನ್ನೆರಡು ಸಲ ಬಿಟ್ಟೆ ಕಣೋ ನಾನು. ಇವತ್ತು ಹಲ್ಲುಜ್ಜೋಕೂ ಗತಿಯಿಲ್ಲ." ಆಮೇಲೆ ವೆರ್ನಾಳ ಕಡೆ ತಿರುಗಿದಳು. "ನೀನು ಮುಂದೆ ಬಾರೇ. ಆ ಹೂವು ಬಾಡೋದು ಬೇಡ. ನೀನು ಹೇಳಿದ್ದೇ ಸರಿ, ನಾವೆಲ್ಲ ನೋಡಿದ್ವಿ."

ನಮ್ಮೂರಲ್ಲಿ ಸಾಲು ತಪ್ಪಿಸಿ ಮುಂದೆ ಹೋದವನನ್ನು ಅವನ ಮೊಮ್ಮಕ್ಕಳ ಕಾಲದವರೆಗೂ ಕ್ಷಮಿಸುವುದಿಲ್ಲ. ಆ ಸಾಲು ತಾನಾಗಿಯೇ ಪಕ್ಕಕ್ಕೆ ಸರಿದು ವೆರ್ನಾಗೆ ದಾರಿ ಬಿಟ್ಟಿತು. ಒಬ್ಬರಿಬ್ಬರು ಟೋಪಿಯನ್ನೂ ತೆಗೆದರು. ಕ್ಲ್ಯಾರಿ ಎರಡು ಕ್ಯಾನು ಎತ್ತಿಕೊಂಡು ಅವಳ ಹಿಂದೆಯೇ ಹೊರಟಾಗ ಓಲ್ವಿನ್ ಅವನ ಎದೆಗೆ ಕೈ ಅಡ್ಡ ಇಟ್ಟು, ಕ್ಯಾನುಗಳನ್ನು ಕಿತ್ತುಕೊಂಡು ತಾನೇ ವೆರ್ನಾಗೆ ಕೊಟ್ಟಳು.

"ನೀನು ಹಿಂದೆ."

ಅವನು ಉಳಿದ ಎರಡು ಕ್ಯಾನು ಹಿಡಿದು ಚರ್ಚಿನ ಗೇಟಿನ ಹತ್ತಿರ ಹೋಗಿ ನಿಂತ. ಅವನ ಮುಂದಿದ್ದವರು ಹೊಸದಾಗಿ ಬಂದ ಶಾಲಾ ಮಾಸ್ತರರು, ಸಮುದ್ರದ ಕಡೆಯವರು, ಕ್ವಿಜ್‌ಗೆ ಇನ್ನೂ ಬಂದವರಲ್ಲ. ಹೊತ್ತು ಹೋಗಲೆಂದು ಅವರು ಹಿಂದಕ್ಕೆ ತಿರುಗಿದರು.

"ನಿಮಗೆ ಎಲ್ಲಾ ಗೊತ್ತಂತೆ ಮಿಸ್ಟರ್ ಹಾಸ್ಕಿನ್. ಎಮು ಹಕ್ಕಿ ಇದ್ಯಲ್ಲಾ, ಅದರಲ್ಲಿ ಮೊಟ್ಟೆ ಮೇಲೆ ಕಾವು ಕೂರೋದೂ, ಮರಿ ಸಾಕೋದೂ ಗಂಡೇ ಅಂತೆ. ನಿಜಾನಾ?"

ಎಂಟು ವಾರ, ಊಟವಿಲ್ಲ, ನೀರು ಇಲ್ಲವೆನ್ನುವಷ್ಟು ಕಡಿಮೆ, ಕಡುಹಸಿರು ಮೊಟ್ಟೆ, ಎಲ್ಲವೂ ಕ್ಲ್ಯಾರಿಯ ನಾಲಗೆಯ ತುದಿಗೆ ಬಂದು ನಿಂತವು. ಅವನು ಬಾಯಿ ತೆರೆದ. ಸಾಲಿನ ಆ ತುದಿಯಲ್ಲಿ ವೆರ್ನಾ ಬಗ್ಗಿ, ಒಂದು ಹನಿಯೂ ಚೆಲ್ಲದಂತೆ ಕ್ಯಾನನ್ನು ನಲ್ಲಿಗೆ ಹಿಡಿದಿದ್ದಳು.

"ವೆರ್ನಾನ ಕೇಳಿ," ಎಂದ. "ಅವಳು ನೋಡಿರ್ತಾಳೆ."