ಪಡಸಾಲೆಯ ಚೀಲಗಳು ಮತ್ತು ಐದು ಸ್ಪೀಕರು

ಎಡ, ಬಲ ಎರಡೂ ಸಮವಾಗಿರಬೇಕು ಎಂಬ ಹಟ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ. ನಾನು ಆ ಪೈಕಿಯವನು. ಬೇರೆಯವರ ಮನೆಯ ಗೋಡೆಯ ಮೇಲೆ ಕ್ಯಾಲೆಂಡರು ಓರೆಯಾಗಿದ್ದರೂ ಎದ್ದು ಹೋಗಿ ನೆಟ್ಟಗೆ ಮಾಡಿ ಬಂದು ಕೂರುತ್ತೇನೆ. ಒಂದು ಮನೆಯಲ್ಲಿ ಗೋಡೆಯ ಬಿರುಕು ಕಾಣದಿರಲೆಂದೇ ಅದನ್ನು ಓರೆಯಾಗಿ ತೂಗುಹಾಕಿದ್ದರು. ಅಲ್ಲಿಂದೀಚೆಗೆ ಆ ಮನೆಯವರು ನನಗೆ ಹೊರಗಿನ ಕಟ್ಟೆಯ ಮೇಲೆಯೇ ಚಹಾ ಕೊಡುತ್ತಾರೆ. ಹೋದದ್ದು, ಬಂದದ್ದು, ತಿಂದದ್ದು ಎಲ್ಲವನ್ನೂ ತಾರೀಖು ಹಾಕಿ ದಿನಚರಿಯಲ್ಲಿ ಬರೆಯುವ ಅಭ್ಯಾಸವೂ ನನಗಿದೆ. ಈ ಚಹಾದ ಸಂಗತಿಯೂ ಅಲ್ಲಿದೆ. ಇಂಥ ಸ್ವಭಾವದವನು ಹೋಮ್ ಥಿಯೇಟರು ಕೊಳ್ಳಬಾರದು. ನಾನು ಕೊಂಡೆ.

ನಿಪ್ಪಾಣಿಯಿಂದ ರಾಯಬಾಗದ ನಮ್ಮ ಊರಿನವರೆಗೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಮುಂದೆ ಇಡಲು ಮೂರು ಸ್ಪೀಕರು, ಹಿಂದೆ ಎರಡು, ಗುಡುಗುವುದಕ್ಕೆಂದೇ ಬೇರೆ ಒಂದು ಪೆಟ್ಟಿಗೆ. ಐದರ ದನಿಯೂ ಕೂತವನ ಕಿವಿಗೆ ಒಂದೇ ತೂಕದಲ್ಲಿ ಬೀಳಬೇಕು, ಆಗ ಸಿನಿಮಾದಲ್ಲಿ ಮಳೆ ಬಂದರೆ ನಮ್ಮ ಸುತ್ತಲೂ ಮಳೆ ಬಂದಂತಾಗುತ್ತದೆ ಎಂದು ಜೊತೆಗೆ ಬಂದ ಪುಸ್ತಿಕೆ ಹೇಳುತ್ತಿತ್ತು. ಮೊದಲ ವಾರವೇ ಹಿಂದಿನ ಎಡ ಸ್ಪೀಕರಿನ ಒಳಗಿನ ಕಾಗದವನ್ನು ಇಲಿ ತಿಂದಿತು. ಅಂಥದೇ ಇನ್ನೊಂದು ಸಿಗದೆ ಬೇರೆ ಕಂಪನಿಯದನ್ನು ತಂದು ಕೂರಿಸಿದೆ. ಅದು ಸ್ವಲ್ಪ ಗಟ್ಟಿ ಗಂಟಲಿನದು. ನಾನು ಅದರ ಮುಂದೆ ತಲೆಯ ಮೇಲೆ ಕೈಹೊತ್ತು ಕೂತದ್ದನ್ನು ಅಪ್ಪ ನೋಡಿದ.

“ಎತ್ತ ತರೂಮುಂದ ಜೋಡಿ ನೋಡಿ ತರತೀವಿ. ಇದನ್ನ್ಯಾಕಲೇ ಒಂಟಿ ತಂದಿ?”

“ಜೋಡಿ ಸಿಗಲಿಲ್ಲಪಾ.”

“ಸಿಗದಿದ್ರ ಸೋಲೂ ಎತ್ತಿನ ಕಡೆ ನೊಗ ಉದ್ದ ಬಿಡಬೇಕು. ಅಷ್ಟೂ ತಿಳಿವಲ್ದನ?”

ಎತ್ತಿಗೆ ಹೇಳಿದ ಮಾತನ್ನು ಸ್ಪೀಕರಿಗೆ ಹೇಗೆ ಅನ್ವಯಿಸಬೇಕು ಎಂದು ಒಂದು ಸಂಜೆಯೆಲ್ಲ ಯೋಚಿಸಿ, ಗಟ್ಟಿ ಗಂಟಲಿನದನ್ನು ಎರಡು ಗೇಣು ದೂರ ಸರಿಸಿದೆ.

ಹೊಂದಿಸುವುದಕ್ಕೆಂದು ಯಂತ್ರದಲ್ಲೇ ಒಂದು ಪರೀಕ್ಷೆಯ ಸದ್ದು ಇರುತ್ತದೆ. ಒಂದಾದ ಮೇಲೊಂದರಂತೆ ಪ್ರತಿ ಸ್ಪೀಕರಿನಿಂದಲೂ ‘ಸುಸ್ಸ್’ ಎಂದು ಬರುತ್ತದೆ. ನಾನು ನಡುಮಧ್ಯೆ ಕುರ್ಚಿ ಹಾಕಿ, ಕಣ್ಣು ಮುಚ್ಚಿ, ಐದೂ ಸುಸ್ಸುಗಳನ್ನು ತೂಗಿ ನೋಡುತ್ತಿದ್ದೆ. ಕಬ್ಬಿಗೆ ಹನಿ ನೀರಾವರಿ ಮಾಡಿಸಿದವನಿಗೆ ಈ ಸದ್ದಿನ ಅರ್ಥ ಒಂದೇ. ಅಪ್ಪ ಊಟದ ತಾಟು ಬಿಟ್ಟು ಎದ್ದ. “ಎಲ್ಲೋ ಪೈಪ ಒಡದೈತಿ!” ಎಂದು ಬ್ಯಾಟರಿ ಹಿಡಿದುಕೊಂಡು ಹೊಲಕ್ಕೆ ಹೋಗಿ, ಎಲ್ಲ ಸಾಲುಗಳನ್ನೂ ನೋಡಿ, ಎಲ್ಲೂ ನೀರು ಸೋರದಿದ್ದುದಕ್ಕೆ ಸಿಟ್ಟಾಗಿ ತಿರುಗಿ ಬಂದ. ಅವ್ವ ಅಂದಳು, “ಸೋರಾಕತ್ತಿದ್ದು ನಿನ್ನ ಮಗನ ತಲಿ. ಉಣ್ಣ ಕೂಡ್ರು.”

ನಿಜವಾದ ತೊಂದರೆ ಸ್ಪೀಕರಿನಲ್ಲಿ ಇರಲಿಲ್ಲ, ಪಡಸಾಲೆಯಲ್ಲಿತ್ತು. ನಮ್ಮದು ಉದ್ದನೆಯ ಪಡಸಾಲೆ. ನೆಲಕ್ಕೆ ಫರಸಿ ಕಲ್ಲು, ಬರಿಯ ಗೋಡೆ, ಎಡಕ್ಕೆ ದನದ ಕೊಟ್ಟಿಗೆಯ ಕಡೆ ತೆರೆಯುವ ಅಗಲ ಬಾಗಿಲು. ಎಡಗಡೆಯ ದನಿ ಬಾಗಿಲಿನಿಂದ ಹೊರಬಿದ್ದು ಎಮ್ಮೆಯ ಪಾಲಾಗುತ್ತಿತ್ತು. ಬಲಗಡೆಯದು ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ನಾಯಕ ಒಮ್ಮೆ ಹೇಳಿದ್ದನ್ನು ಗೋಡೆ ಇನ್ನೊಮ್ಮೆ ಹೇಳುತ್ತಿತ್ತು, ನಾಯಕಿ ಯಾರಿಗೆ ಉತ್ತರ ಕೊಡುತ್ತಿದ್ದಾಳೆ ಎಂಬುದು ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಅರಿಶಿನ ಬಂತು. ಕುದಿಸಿ, ಒಣಗಿಸಿ, ಪಾಲಿಶ್ ಮಾಡಿಸಿದ ಅರಿಶಿನವನ್ನು ಸಾಂಗಲಿ ಪೇಟೆಗೆ ಕಳಿಸುವವರೆಗೆ ಅಪ್ಪ ಪಡಸಾಲೆಯಲ್ಲೇ ಇಡುತ್ತಾನೆ. ಬಲಗೋಡೆಗೆ ಎದೆಮಟ್ಟ, ಹಿಂದಿನ ಗೋಡೆಗೆ ಸೊಂಟಮಟ್ಟ ಚೀಲಗಳು ನಿಂತವು. ಆ ದಿನ ಟಿವಿ ಹಚ್ಚಿದಾಗ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಗೋಡೆ ಮಾತು ನಿಲ್ಲಿಸಿತ್ತು. ನಾಯಕ ಒಂದೇ ಸಲ ಮಾತಾಡಿದ. ಹಿಂದಿನ ಎರಡು ಸ್ಪೀಕರುಗಳು, ಬೇರೆ ಬೇರೆ ಕಂಪನಿಯವಾದರೂ, ಒಂದೇ ತಾಯಿಯ ಮಕ್ಕಳಂತೆ ಇದ್ದವು. ಯಾವುದಕ್ಕೆ ಎಷ್ಟು ದನಿ ಎಂಬುದನ್ನು ತಾರೀಖಿನೊಡನೆ ಬರೆದುಕೊಂಡೆ. ಕಪ್ಪು ಸ್ಪೀಕರುಗಳ ಮೇಲೆ ಹಳದಿ ಹುಡಿ ಕೂತು, ಬಂದವರು ಪೂಜೆ ಮಾಡಿದ್ದೇವೆಂದು ತಿಳಿದು ಚಪ್ಪಲಿ ದೂರ ಬಿಡುತ್ತಿದ್ದರು.

ನಾಲ್ಕೇ ದಿನಕ್ಕೆ ಅಪ್ಪ ಅಂದ, “ನಾಳೆ ಗಾಡಿ ಹೇಳತೇನಿ. ಮಾಲು ಸಾಂಗ್ಲಿಗೆ ಹೋಗಲಿ.”

ಅರಿಶಿನದ ಪೇಟೆಯ ದರದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. “ಇನ್ನಷ್ಟು ದಿನ ತಡಿಯಪಾ,” ಅಂದೆ. “ಭಾವ ಏರತೈತಿ.”

ಅಪ್ಪ ನನ್ನನ್ನೇ ನೋಡಿದ. ದಿನವೂ ಏನನ್ನೋ ಬರೆದಿಡುವ ಮಗ ಸುಮ್ಮನೆ ಮಾತಾಡಲಾರ ಎಂದು ಅವನಿಗೆ ಅನ್ನಿಸಿರಬೇಕು. ತಡೆದ. ಭಾವ ಏರಿತು. ಮತ್ತೆ ಕೇಳಿದ, ಮತ್ತೆ ತಡಿ ಅಂದೆ, ಮತ್ತೂ ಏರಿತು. ಕಡೆಗೆ ಅದು ಎಷ್ಟು ಏರಿತೆಂದರೆ, ತಡಿ ಎನ್ನಲು ನನಗೇ ಬಾಯಿ ಬರಲಿಲ್ಲ. ಮಾಲು ಹೋಯಿತು. ಅಪ್ಪ ಊರಲ್ಲಿ ಕಂಡಕಂಡವರಿಗೆ, “ನಮ್ಮ ಸಂತ್ಯಾ ಹೇಳಿದ್ದಕ್ಕ ತಡದ್ನಿ ನೋಡ್ರಿ,” ಎಂದು ಹೇಳಿದ. ಊರೆಲ್ಲ ನನ್ನನ್ನು ಹೊಗಳಿ ಮುಂದಿನ ಭಾವ ಕೇಳುತ್ತಿದ್ದ ಆ ಸಂಜೆ ನಾನು ಖಾಲಿ ಪಡಸಾಲೆಯಲ್ಲಿ ಕೂತು ಗೋಡೆಯ ಮಾತು ಕೇಳುತ್ತಿದ್ದೆ.

ಅಟ್ಟದ ಮೇಲೆ ಹಿಂದಿನ ವರ್ಷಗಳ ಖಾಲಿ ಚೀಲಗಳಿದ್ದವು. ಹೊಲದಲ್ಲಿ ಕಬ್ಬಿನ ಒಣ ಸೋಗೆ, ನಮ್ಮ ಕಡೆ ರವದಿ ಅನ್ನುತ್ತಾರೆ, ಬೇಕಾದಷ್ಟು ಬಿದ್ದಿತ್ತು. ಎರಡು ಭಾನುವಾರ ಕೂತು ಚೀಲಗಳಿಗೆ ರವದಿ ಒತ್ತಿ ತುಂಬಿ, ಬಾಯಿ ಹೊಲಿದು, ಮೊದಲು ಇದ್ದ ಜಾಗದಲ್ಲೇ ಒಟ್ಟಿದೆ. “ಮಂದಿ ರವದಿ ಹೊಲದಾಗ ಹಾಸ್ತಾರ, ಇಂವಾ ಮನ್ಯಾಗ ಹಾಸ್ತಾನ,” ಅಂದಳು ಅವ್ವ. ಭಾವ ಬಲ್ಲ ಮಗನ ಕೆಲಸದಲ್ಲಿ ಬಾಯಿ ಹಾಕಬಾರದೆಂದು ಅಪ್ಪ ನಿರ್ಧರಿಸಿದ್ದ. ದನಿ ಮತ್ತೆ ಬರೋಬ್ಬರಿಯಾಯಿತು.

ಈ ದಿನಗಳಲ್ಲೇ ನನಗೊಬ್ಬ ರಸಿಕರು ದೊರೆತರು. ಪಕ್ಕದ ಮನೆಯ ಬಸಗೌಡ ಕಾಕಾ. ದಿನಾ ಸಂಜೆ ಬರುತ್ತಿದ್ದರು, ಚೀಲಕ್ಕೆ ಎದುರಾಗಿ ಕೂರುತ್ತಿದ್ದರು, ಟಿವಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಿಜವಾದ ಕೇಳುಗ ಚಿತ್ರ ನೋಡುವುದಿಲ್ಲ ಎಂದುಕೊಂಡೆ. ಆಗಾಗ ಹಿಂದಿನ ಗೋಡೆಯನ್ನು ನೋಡಿ ತಲೆದೂಗಿ, “ಇರಲಿ, ಇರಲಿ. ಅವಸರ ಮಾಡಬ್ಯಾಡ,” ಅನ್ನುತ್ತಿದ್ದರು. ಹಿಂದಿನ ಸ್ಪೀಕರಿನ ದನಿ ಹೆಚ್ಚಿಸಬೇಡ ಎಂಬ ಸಲಹೆ ಅದು ಎಂದು ತಿಳಿದು ನಾನು ಒಂದು ಅಂಕಿ ಇಳಿಸಿದ್ದೂ ಉಂಟು.

ಅವರ ಮಗಳು ರೂಪಾಳಿಗೆ ಚಿಕ್ಕೋಡಿಯಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು. ಒಂದು ದಿನ ಹೆಪ್ಪಿಗೆ ಮೊಸರು ಕೇಳಲು ಬಂದವಳು ಬಾಗಿಲಲ್ಲೇ ನಿಂತಳು.

“ಅಣ್ಣಾ, ನಿಮ್ಮ ಅರಿಶಿಣ ಯಾವಾಗ ಹೋಗತೈತಿ?”

“ಹೋಗಿ ಮೂರು ವಾರಾತಲ್ಲ.”

“ಅರ್ಧಾ ಕಳಿಸಿ ಅರ್ಧಾ ಇಟ್ಟಾರ ಅಂತಾನ ಅಪ್ಪ. ಸಂತ್ಯಾನ ಚೀಲ ಏಳೂತನಕಾ ನಮ್ಮ ಅರಿಶಿಣದ ಚೀಲಾನೂ ಏಳಂಗಿಲ್ಲ ಅಂತ ಕುಂತಾನ. ಭಾವ ದಿನಾ ಇಳಿಯಾಕತ್ತೈತಿ. ಸೋಮವಾರ ಫೀ ಕಟ್ಟದಿದ್ರ ಸೀಟು ಮತ್ತೊಬ್ಬರಿಗೆ.”

ನನ್ನ ರಸಿಕರು ಕೇಳುತ್ತಿದ್ದದ್ದು ಏನನ್ನು ಎಂಬುದು ಆಗ ತಿಳಿಯಿತು. ಕೂಡಲೇ ಕಾಕಾನನ್ನು ಕರೆತಂದೆ.

“ಕಾಕಾ, ಇದು ಅರಿಶಿಣ ಅಲ್ಲರಿ. ರವದಿ.”

ಕಾಕಾ ಕಣ್ಣು ಮಿಟುಕಿಸಿದರು. “ಹೌದೌದು. ನಾ ಯಾರಿಗೂ ಹೇಳಂಗಿಲ್ಲ ಬಿಡಪಾ.”

“ಖರೇನ ರವದಿರಿ. ದನಿ ಚಲೋ ಬರಲಿ ಅಂತ ಇಟ್ಟೇನಿ.”

“ದನಿಗೆ ಯಾರರೆ ರವದಿ ಇಡ್ತಾರನೋ? ಸುಳ್ಳ ಹೇಳಿದ್ರ ನಂಬೂವಂಗ ಹೇಳ.”

ಕುಡಗೋಲು ತಂದು ಮೇಲಿನ ಚೀಲದ ಹೊಟ್ಟೆ ಸೀಳಿದೆ. ರವದಿ ಸುರಿಯಿತು. ಕಾಕಾ ಅದನ್ನು ಮುಟ್ಟಿ ನೋಡಿ ಮೆಚ್ಚುಗೆಯಿಂದ ಅಂದರು, “ಶಾಣ್ಯಾ ಅದಿ. ಮ್ಯಾಲ ರವದಿ, ಕೆಳಗ ಅರಿಶಿಣ.”

ಇನ್ನು ಉಳಿದದ್ದು ಒಂದೇ ದಾರಿ. ಅಪ್ಪ, ನಾನು, ರೂಪಾ ಮೂವರೂ ಸೇರಿ ಪ್ರತಿಯೊಂದು ಚೀಲವನ್ನೂ ಕೊಟ್ಟಿಗೆಗೆ ಎಳೆದೊಯ್ದು ಕಾಕಾನ ಕಣ್ಣೆದುರೇ ಬರಿದು ಮಾಡಿದೆವು. ಪ್ರತಿ ಚೀಲಕ್ಕೂ ಅವರು ಬಗ್ಗಿ ನೋಡಿದರು. ಕಡೆಯ ಚೀಲವೂ ಮುಗಿದಾಗ ಅದನ್ನು ಕೊಡವಿ ನೋಡಿ, ಅಪ್ಪನಿಗೆ ಮೆಲ್ಲಗೆ ಹೇಳಿದರು, “ಹುಡಗಗ ಲಗೂನ ಒಂದು ಲಗ್ನಾ ಮಾಡೋ ಮಾರಾಯಾ.” ಮರುದಿನ ಬೆಳಿಗ್ಗೆ ಅವರ ಚೀಲಗಳು ಸಾಂಗಲಿಯ ಗಾಡಿ ಏರಿದವು. ಏರಿದ್ದ ಭಾವ ಸಿಗಲಿಲ್ಲ, ಆದರೆ ಸೋಮವಾರ ರೂಪಾಳ ಫೀ ಕಟ್ಟಿ ಬಂದರು. ಊರಿನವರು ನನ್ನನ್ನು ಭಾವ ಕೇಳುವುದನ್ನು ಬಿಟ್ಟರು. ಕಾಕಾ ಸಂಜೆ ಬರುವುದನ್ನು ಬಿಟ್ಟರು. ಪಡಸಾಲೆಯಲ್ಲಿ ನಾನು ಮತ್ತು ಗೋಡೆ ಉಳಿದೆವು.

ಎರಡು ವಾರದ ಮೇಲೆ ರೂಪಾಳ ಸೀಟಿನ ಪೇಢೆ ಕೊಡಲು ಕಾಕಾ ಬಂದರು. ಹಳೆಯ ಜಾಗದಲ್ಲೇ ಕೂತರು. ಟಿವಿಯಲ್ಲಿ ಯಾವುದೋ ಸಿನಿಮಾದ ಮಳೆ ಸುರಿಯುತ್ತಿತ್ತು. ಸ್ವಲ್ಪ ಹೊತ್ತು ಕೇಳಿ, ಅತ್ತ ಇತ್ತ ನೋಡಿ, ಕಿವಿಯಲ್ಲಿ ಕಿರುಬೆರಳು ಆಡಿಸಿದರು.

“ಏನೋ ಕೆಟ್ಟೈತಿ ನೋಡ ಇದರಾಗ.”

“ಏನ್ರಿ ಕಾಕಾ?”

“ಮಳಿ ಒಂದೇ ಮಗ್ಗಲದಾಗ ಬರಾಕತ್ತೈತಿ. ಮದಲ ಹಂಗಿರಲಿಲ್ಲ. ಹಿಂದಿನ ಎರಡೂ ಜೋಡೆತ್ತು ನಡದಂಗ ನಡೀತಿದ್ದೂ. ನಾ ಚೀಲಾ ನೋಡಾಕ ಬರ್ತಿದ್ದೆ ಖರೆ, ಆದ್ರ ಕಿವಿ ಏನು ಮನ್ಯಾಗ ಇಟ್ಟ ಬರ್ತಿದ್ನ್ಯಾ?”

ಹೋಮ್ ಥಿಯೇಟರು ಕೊಂಡ ದಿನದಿಂದ ನಾನು ಕಾಯುತ್ತಿದ್ದ ಮಾತು ಅದು. ದಿನಚರಿಗೆ ಕೈ ಹಾಕುವ ಮೊದಲು ಎಡಗಡೆಯ ಬಾಗಿಲಿನಿಂದ ಹೊರಗೆ ನೋಡಿದೆ. ನನ್ನ ಎರಡು ಭಾನುವಾರದ ರವದಿಯನ್ನು ಅವ್ವ ಕೊಟ್ಟಿಗೆಯ ತುಂಬ ಮೆತ್ತಗೆ ಹರವಿದ್ದಳು. ಎಮ್ಮೆ ಅದರ ಮೇಲೆ ಮಲಗಿ, ಕಣ್ಣು ಮುಚ್ಚಿ, ಎಡಗಡೆಯ ಸ್ಪೀಕರನ್ನು ಕೇಳುತ್ತ ಮೆಲುಕು ಹಾಕುತ್ತಿತ್ತು. ಇಡೀ ಮನೆಯಲ್ಲಿ ಸರಿಯಾದ ಜಾಗದಲ್ಲಿ ಕೂತಿದ್ದದ್ದು ಅದೊಂದೇ.